ಸ್ಕಾರ್ಫ್ ಯಾರು ಹಾಕಬೇಕು

ಹೋದ ವಾರ ಮತ ಹಾಕಲು ಹೋದಾಗ ಮೊಮ್ಮಕ್ಕಳು ನೀವಿಬ್ಬರೂ ನನ್ನ ಜೊತೆ ಬಂದಿದ್ದಿರಿ. ಬೈರಿದೇವರಕೊಪ್ಪದಲ್ಲಿ ನಮ್ಮ ಓಣಿಯ ಹಿಂದಿನ ಶಾಲೆಯೇ ಮತಗಟ್ಟೆ. ಸರತಿ ಉದ್ದವಿತ್ತು. ಸಮರ್ಥ ಕಂಬ ಸುತ್ತುತ್ತಿದ್ದ. ಅಕ್ಷತಾ ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಒಂದರ ಮುಂದೆ ನಿಂತು ನನ್ನ ಸೆರಗು ಜಗ್ಗಿದಳು.

"ಆಯೀ, ಇದು ನಿನ್ನ ಗೈಡ್ಸ್ ಹುಡುಗ್ಯಾರ ಫೋಟೋ ಹೌದಿಲ್ಲೋ? ಇದರಾಗ ನೀ ಎಲ್ಲಿ ಅದಿ?"

"ನಾ ಇಲ್ಲವಾ ಇದರಾಗ."

"ಮತ್ತ ನನ್ನ ದಳ, ನನ್ನ ದಳ ಅಂತಿದ್ದಿ?"

ಹಿಂದೆ ನಿಂತವರು ಕೇಳಿಸಿಕೊಳ್ಳುತ್ತಿದ್ದರು. ನಾಲ್ಕು ಜನರ ಮುಂದೆ ಮಾತು ಬೆಳೆಸುವುದು ನನ್ನಿಂದಾಗದ ಕೆಲಸ. "ಮನಿಗೆ ನಡಿ, ಹೇಳ್ತೇನಿ" ಎಂದೆ. ಮನೆಗೆ ಬಂದ ಮೇಲೂ ಹೇಳಲಿಲ್ಲ. ಬಾಯಿಂದ ಹೇಳಲು ಹೋದರೆ ಅರ್ಧ ನುಂಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಆ ಫೋಟೋದಲ್ಲಿ ರೇಷ್ಮೆ ಸೀರೆ ಉಟ್ಟವರೊಬ್ಬರು ನೀಲಿ ಸಮವಸ್ತ್ರದ ಹುಡುಗಿಯ ಹೆಗಲ ಮೇಲೆ ಸ್ಕಾರ್ಫ್ ಹೊದಿಸುತ್ತಿದ್ದಾರೆ. ಹೊದಿಸುತ್ತಿದ್ದಾರೆ ಎಂದೇ ಬರೆದೆ, ಸನ್ಮಾನದ ಶಾಲು ಹೊದಿಸುವ ಹಾಗೆ. ಸ್ಕಾರ್ಫ್ ಹಾಗೆ ಹಾಕುವುದಲ್ಲ. ಮೂಲೆಯ ಕಡೆಗೆ ಬಿಗಿಯಾಗಿ ಸುರುಳಿ ಸುತ್ತುತ್ತಾ ಬಂದು, ಬೆನ್ನ ಹಿಂದೆ ಒಂದು ಗೇಣು ತ್ರಿಕೋನ ಬಿಟ್ಟು, ಕೊರಳ ಮುಂದೆ ಎರಡೂ ತುದಿಗಳನ್ನು ಸಣ್ಣ ಉಂಗುರದೊಳಗೆ ತೂರಿಸಬೇಕು. ಅದು ಗೊತ್ತಿದ್ದವಳು ಆ ಹೊತ್ತಿಗೆ ಶಾಮಿಯಾನದ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದಳು. ನಾನೇ ಅವಳು.

ನಿಮ್ಮ ಅಜ್ಜ ಹೋಗಿ ಆಗ ಮೂರು ವರ್ಷವಾಗಿತ್ತು. ಅಕ್ಷತಾಳನ್ನು ಆ ಜೂನ್‌ನಲ್ಲೇ ಅದೇ ಶಾಲೆಗೆ ಹಾಕಿದ್ದರು. ಸಮರ್ಥ ಇನ್ನೂ ತೊಟ್ಟಿಲಲ್ಲಿದ್ದ. ಪಾಲಕರ ಸಭೆಗೆ ನಿಮ್ಮ ಅವ್ವನ ಬದಲು ನಾನು ಹೋದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಛತ್ರಿಗಳ ಸಾಲು. ಸಭೆ ಮುಗಿಯುವ ಹೊತ್ತಿಗೆ ಗ್ರೇಸ್ ಟೀಚರ್ ಎದ್ದು ನಿಂತರು. ಹುಬ್ಬಳ್ಳಿಯ ಹಳೆಯ ಚರ್ಚಿನ ಕಡೆಯ ಮನೆತನದವರು. ಆ ಶಾಲೆಯ ಹುಡುಗಿಯರ ಗೈಡ್ಸ್ ದಳವನ್ನು ಹದಿನೈದು ವರ್ಷ ಒಂದು ಪೈಸೆ ತೆಗೆದುಕೊಳ್ಳದೆ ನಡೆಸಿದವರು. ನಿವೃತ್ತಿಯಾಗಿತ್ತು, ಮೊಣಕಾಲಿನ ಆಪರೇಷನ್ ಬಾಕಿ ಇತ್ತು.

"ಶನಿವಾರ ಮುಂಜಾನಿ ಎರಡ ತಾಸು. ಒಮ್ಮೆ ಏಳ ದಿನದ ತರಬೇತಿ. ಇಷ್ಟ ನೋಡ್ರಿ," ಎಂದರು. "ತಾಯಂದ್ರೊಳಗ ಯಾರರ ಒಬ್ಬರು ಮುಂದ ಬರ್ರಿ. ಇಲ್ಲಂದ್ರ ದಳ ಮುಚ್ಚಬೇಕಾಗ್ತದ."

ಒಬ್ಬಾಕೆಗೆ ಬಿ.ಪಿ. ಇತ್ತು. ಇನ್ನೊಬ್ಬಾಕೆಗೆ ಶನಿವಾರದ ಉಪವಾಸ. ಮತ್ತೊಬ್ಬಾಕೆಯನ್ನು ಗಂಡ ಕಳಿಸುವುದಿಲ್ಲವಂತೆ. ಕಳಿಸದ ಆ ಗಂಡ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದ. ಆಗ ನಮ್ಮ ಓಣಿಯ ತುದಿಮನೆಯ ರೇಖಾ ಕೈ ಎತ್ತಿದಳು. ಅವಳ ಮಗಳು ತೇಜಸ್ವಿನಿ ಏಳನೆಯ ತರಗತಿ, ದಳದಲ್ಲಿದ್ದವಳು. ತಾನೇ ಬರುತ್ತೇನೆ ಅನ್ನುತ್ತಾಳೆ ಎಂದುಕೊಂಡೆ.

"ಅಯ್ಯ, ನಮ್ಮ ದಾನಮ್ಮಾರು ಅದಾರಲ್ರಿ!" ಎಂದಳು. "ಅವರಿಗೇನ್ರಿ, ಗಂಡ್ರ ಡಬ್ಬಿ ಕಟ್ಟೂದಿಲ್ಲ, ಏನಿಲ್ಲ. ಮನ್ಯಾಗ ಖಾಲಿನ ಇರ್ತಾರ."

ಇಡೀ ಕೋಣೆ ಚಪ್ಪಾಳೆ ತಟ್ಟಿತು. ಗಂಡ ಸತ್ತವಳ ಕೈ ಖಾಲಿ ಎಂದು ಇವರಿಗೆ ಯಾರು ಹೇಳಿದರೋ. ಮನೆಯಲ್ಲಿ ತೊಟ್ಟಿಲ ಕೂಸು, ಕೆಲಸಕ್ಕೆ ಹೋಗುವ ಸೊಸೆ, ಎರಡು ಹೊತ್ತಿನ ರೊಟ್ಟಿ ನನ್ನ ಕೈಯಲ್ಲಿ. ಆದರೆ ಆಗುವುದಿಲ್ಲ ಅನ್ನಬೇಕಾದರೆ ಎದ್ದು ನಿಂತು ಕಾರಣ ಹೇಳಬೇಕು. ಹೂಂ ಅನ್ನಲು ಕೂತಲ್ಲೇ ತಲೆ ಆಡಿಸಿದರೆ ಸಾಕು. ತಲೆ ಆಡಿಸಿದೆ. ಊರು ಉದ್ಧಾರ ಮಾಡಲು ಹೋದವಳು ಎಂದು ನೀವು ತಿಳಿಯಬೇಡಿ.

ತರಬೇತಿ ಧಾರವಾಡದ ಹೊರಗೆ ಒಂದು ಮೈದಾನದಲ್ಲಿ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವನು ನನ್ನ ಬಿಳಿ ಸೀರೆ, ಬರಿಯ ಹಣೆ ನೋಡಿ, "ಅಮ್ಮಾರ, ಅಡಗಿ ಮಾಡಾವ್ರು ಹಿಂದಿನ ಬಾಗಲಿಂದ ಹೋಗ್ರಿ" ಎಂದ. ನಾನು ಹೋದೆ ಕೂಡ! ಅಡುಗೆಯವರೇ ನನ್ನನ್ನು ಮರಳಿ ಕಳಿಸಿದರು. ಬಂದವರೆಲ್ಲ ಡಿಗ್ರಿ ಓದಿದ ಟೀಚರುಗಳು, ಮೇಲಿನವರ ಆದೇಶಕ್ಕೆ ಬಂದವರು. ನಾನೊಬ್ಬಳೇ ಉಪ್ಪಿನಬೆಟಗೇರಿಯ ಶಾಲೆಯಲ್ಲಿ ಹತ್ತನೆಯದು ಮುಗಿಸಿದವಳು. ಗಂಟು ಕಲಿಸುವ ದಿನ ಅವರೆಲ್ಲ ಹಗ್ಗ ಹಿಡಿದು ಪುಸ್ತಕದ ಚಿತ್ರ ನೋಡುತ್ತಾ ಕೂತರು. ನನ್ನ ಅಪ್ಪನ ಮನೆಯಲ್ಲಿ ಎತ್ತು ಕಟ್ಟಿ, ಹತ್ತಿಯ ಮೂಟೆ ಬಿಗಿದು ಬೆಳೆದವಳಿಗೆ ಆ ಗಂಟುಗಳ ಇಂಗ್ಲಿಷ್ ಹೆಸರುಗಳಷ್ಟೇ ಹೊಸವು. ಮಧ್ಯಾಹ್ನದ ಹೊತ್ತಿಗೆ ಆ ಡಿಗ್ರಿಗಳೆಲ್ಲ ನನ್ನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದವು.

ಏಳನೆಯ ದಿನ ನಮ್ಮನ್ನೂ ಪ್ರತಿಜ್ಞೆ ಮಾಡಿಸಿ ದಳಕ್ಕೆ ಸೇರಿಸಿಕೊಂಡರು. ವಯಸ್ಸಾದ ತರಬೇತುದಾರರೊಬ್ಬರು ಸ್ಕಾರ್ಫ್ ಸುತ್ತಿ ನನ್ನ ಕೊರಳಿಗೆ ಹಾಕಿದರು. ತಾಳಿ ತೆಗೆದ ದಿನದಿಂದ ನನ್ನ ಕೊರಳಲ್ಲಿ ಲಿಂಗದ ದಾರ ಬಿಟ್ಟರೆ ಬೇರೇನೂ ಇರಲಿಲ್ಲ. ಯಾರೂ ಏನೂ ಹಾಕಿರಲಿಲ್ಲ, ಒಂದು ಹೂವಿನ ಎಸಳೂ. ಆ ತಾಯಿ ನನ್ನ ಹಣೆ ನೋಡಲಿಲ್ಲ, ಸುರುಳಿ ಸರಿಯಾಗಿದೆಯೇ ಎಂದಷ್ಟೇ ನೋಡಿದರು. ಎಡಗೈ ಚಾಚಿ ಕೈ ಕುಲುಕಿದರು. ಗೈಡ್ಸಿನಲ್ಲಿ ಹಾಗೇ ರೂಢಿ, ಹೃದಯ ಇರುವ ಕಡೆಯ ಕೈ ಎಂದು. ಬಸ್ಸಿನಲ್ಲಿ ಬರುವಾಗ ರಾಯಾಪುರ ದಾಟುವವರೆಗೂ ಸ್ಕಾರ್ಫ್ ತೆಗೆಯಲಿಲ್ಲ. ನಮ್ಮ ನಿಲ್ದಾಣ ಹತ್ತಿರ ಬಂದಾಗ ತೆಗೆದು ಚೀಲದಲ್ಲಿ ಇಟ್ಟೆ. ಅಷ್ಟೇ ಧೈರ್ಯ ನನ್ನದು.

ಹದಿನೆಂಟು ಹುಡುಗಿಯರು. ಮೂವರು ಹಳಬರು, ತೇಜಸ್ವಿನಿಯೂ ಸೇರಿ. ಆದರೆ ಗ್ರೇಸ್ ಟೀಚರ ಮೊಣಕಾಲಿನಿಂದಾಗಿ ಹಿಂದಿನ ವರ್ಷ ದಳಕ್ಕೆ ಸೇರಿಸಿಕೊಳ್ಳುವ ದೀಕ್ಷೆ ಆಗಿರಲಿಲ್ಲ. ಹೀಗಾಗಿ ಒಬ್ಬಳ ಕೊರಳಲ್ಲೂ ಸ್ಕಾರ್ಫ್ ಇರಲಿಲ್ಲ. ಆರು ತಿಂಗಳು ಕಲಿತು, ಪರೀಕ್ಷೆಗಳನ್ನು ಮುಗಿಸಿ, ನನ್ನ ಮುಂದೆ ಪ್ರತಿಜ್ಞೆ ಹೇಳಿದರೆ ನಾನು ಸ್ಕಾರ್ಫ್ ಹಾಕಬೇಕು. ಅಲ್ಲಿಂದಲೇ ಅವರು ಗೈಡ್‌ಗಳು. ನನಗೆ ಆ ವರ್ಷ ಬೇಕಾಗಿದ್ದು ಅದೊಂದೇ. ನನ್ನ ಕೊರಳಿಗೆ ಬಂದದ್ದನ್ನು ನನ್ನ ಕೈಯಿಂದ ಹದಿನೆಂಟು ಕೊರಳಿಗೆ ದಾಟಿಸಬೇಕು.

ಸಹಾಯಕ್ಕೆ ಇಬ್ಬರು ತಾಯಂದಿರು ಬೇಕೆಂದು ರೇಖಾಳಿಂದ ವಾಟ್ಸಾಪ್ ಗುಂಪಿನಲ್ಲಿ ಹಾಕಿಸಿದೆ. ಮುಗಿದ ಕೈಗಳ ಚಿತ್ರ ಸಾಲುಸಾಲಾಗಿ ಬಂದವು, ಹೂಗುಚ್ಛಗಳೂ ಬಂದವು. ಶನಿವಾರ ಮೈದಾನದಲ್ಲಿ ಇದ್ದವು ನನ್ನವೆರಡೇ ಕೈ. ಶ್ರಾವಣದ ಮಳೆಗೆ ಎರೆಮಣ್ಣು ಹುಡುಗಿಯರ ಬೂಟಿಗೆ ಅಂಟಿ ಒಂದೊಂದು ಕಾಲು ಎರಡೆರಡು ಸೇರು ತೂಗುತ್ತಿತ್ತು. ಅದರಲ್ಲೇ ಸಾಲು ನಿಲ್ಲಿಸಿದೆ, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿಸಿದೆ. ಮರುದಿನವೇ ಗುಂಪಿನಲ್ಲಿ, "ಬೂಟು ತೊಳೆಯುವವರು ಯಾರು?" ಎಂದು ಒಬ್ಬಾಕೆ ಕೇಳಿದ್ದಳು. ಹನ್ನೆರಡು ವರ್ಷದ ಹುಡುಗಿ ತನ್ನ ಬೂಟು ತಾನೇ ತೊಳೆದುಕೊಳ್ಳಬಹುದು ಎಂಬ ವಿಚಾರ ಆ ಓಣಿಯಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಶಾಲೆಯವರದು ಇನ್ನೊಂದು ತರಹ. ಹೆಡ್‌ಮಾಸ್ತರರಿಗೆ ಗೈಡ್ಸ್ ಎಂದರೆ ಹೂಕುಂಡ. ಯಾರಾದರೂ ದೊಡ್ಡವರು ಬರುತ್ತಾರೆಂದರೆ ಗೇಟಿನಿಂದ ವೇದಿಕೆಯವರೆಗೆ ಎರಡು ಸಾಲು ಹುಡುಗಿಯರು. ಬರುವವರು ಯಾವತ್ತೂ ಎರಡು ತಾಸು ತಡ. ಒಂದು ಸಲ ಬಿಸಿಲಿಗೆ ಒಬ್ಬಳು ಕುಸಿದು ಬಿದ್ದಾಗ ಹೆಡ್‌ಮಾಸ್ತರರು ನನ್ನ ಕಡೆ ಓಡಿ ಬಂದರು. ಹುಡುಗಿಗೆ ಏನಾಯಿತು ಎಂದು ಕೇಳಲು ಅಂದುಕೊಂಡೆ.

"ಅಮ್ಮಾರ, ಲಗೂನ ಇನ್ನೊಬ್ಬಾಕಿನ್ನ ನಿಂದರಸ್ರಿ," ಎಂದರು. "ಸಾಲಾಗ ಗ್ಯಾಪ್ ಕಾಣಾಕತ್ತೈತಿ."

ದಸರೆ ಮುಗಿದು, ಚಳಿಗಾಳಿ ಶುರುವಾದ ಮೇಲೆ ಒಂದು ದಿನದ ಕಾಲ್ನಡಿಗೆ ಇಟ್ಟೆ. ಬೈರಿದೇವರಕೊಪ್ಪದಿಂದ ರಾಯಾಪುರದ ಕಡೆಗೆ ನಡೆದು, ಒಂದು ಹೊಲದ ಬೇವಿನ ಮರಗಳ ಕೆಳಗೆ ಮೂರು ಕಲ್ಲು ಹೂಡಿ, ತಾವೇ ಒಲೆ ಹಚ್ಚಿ ಅಡುಗೆ ಮಾಡಿ ಉಣ್ಣುವುದು. ಅದು ಪರೀಕ್ಷೆಯ ಭಾಗ. ಹುಡುಗಿಯರು ಹಾಡುತ್ತಾ ನಡೆದರು. ಕಟ್ಟಿಗೆ ಆರಿಸಿದರು, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರು. ಸಾನಿಯಾ ಎಂಬ ಹುಡುಗಿ ಮೊದಲು ಒಲೆ ಹಚ್ಚಿದಳು. ಅನ್ನ ಕುದಿ ಬಂತು. ಅಷ್ಟರಲ್ಲಿ ರಸ್ತೆಯಲ್ಲಿ ಎರಡು ಕಾರು, ಐದು ಸ್ಕೂಟರು ಬಂದು ನಿಂತವು. ತಾಯಂದಿರು! ಸಹಾಯಕ್ಕೆ ಕರೆದಾಗ ಬಿ.ಪಿ. ಇದ್ದವಳು, ಉಪವಾಸವಿದ್ದವಳು, ಗಂಡ ಕಳಿಸದವಳು, ಎಲ್ಲರೂ. ಡಬ್ಬಿಗಳಲ್ಲಿ ಇಡ್ಲಿ, ಗಿರ್ಮಿಟ್, ಬದನೆಕಾಯಿ ಪಲ್ಯ. ರೇಖಾ ಕಾರಿನ ಡಿಕ್ಕಿ ತೆರೆದು ಸಣ್ಣ ಗ್ಯಾಸ್ ಒಲೆ ಹೊರಗೆ ತೆಗೆದಳು.

"ಇದ್ಯಾಕ ರೇಖಾ?" ಎಂದೆ.

"ಪರೀಕ್ಷಾ ಐತೆಲ್ರೀ. ಹೊಗಿಯಾಗ ನಮ್ಮ ತೇಜು ಕಣ್ಣು ಹಾಳಾದ್ರ ಹೆಂಗ? ಇದರ ಮ್ಯಾಲ ಮಾಡ್ತಾಳ ತೊಗೋರಿ, ನೀವು ಪಾಸ್ ಅಂತ ಬರ್ಕೋರಿ."

ತೇಜಸ್ವಿನಿ ಮಸಿ ಹತ್ತಿದ ಮುಖ ತಿರುಗಿಸಿ, "ಅವ್ವಾ, ನೀ ಮನಿಗೆ ಹೋಗ. ನಮ್ಮ ಅನ್ನ ಆಗೇತಿ," ಎಂದಳು. ಅನ್ನ ತಳ ಹತ್ತಿತ್ತು. ಹದಿನೆಂಟು ಹುಡುಗಿಯರೂ ಆ ಸೀದ ಅನ್ನವನ್ನೇ ಉಂಡರು. ತಾಯಂದಿರು ಇಡ್ಲಿ ತಾವೇ ತಿಂದು, ಫೋಟೋ ತೆಗೆಸಿಕೊಂಡು ಹೋದರು. ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಅವರದೇ ಕಾಲ್ನಡಿಗೆ ಆಗಿತ್ತು.

ಡಿಸೆಂಬರ್‌ನಲ್ಲಿ ದೀಕ್ಷೆಯ ದಿನ ಗೊತ್ತಾಯಿತು. ಮೈದಾನದಲ್ಲಿ ಧ್ವಜದ ಕೆಳಗೆ ಅರ್ಧ ತಾಸಿನಲ್ಲಿ ಮುಗಿಯುವ ಕೆಲಸ. ಶಾಲೆಯ ಕಮಿಟಿಯವರು ಅದಕ್ಕೆ ಶಾಮಿಯಾನ, ಮೈಕು, ಪೇಪರಿನವರು ಎಂದೆಲ್ಲ ಸೇರಿಸಿದರು. ಸೇರಿಸಲಿ ಎಂದು ಸುಮ್ಮನಿದ್ದೆ. ಎರಡು ದಿನ ಮೊದಲು ಹೆಡ್‌ಮಾಸ್ತರರು ಕರೆದರು. ಅವರ ಕೋಣೆಯಲ್ಲಿ ರೇಖಾ ಮತ್ತು ಇನ್ನಿಬ್ಬರು ತಾಯಂದಿರು ಕೂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ನೋಡದಿರುವುದರಲ್ಲೇ ನನಗೆ ಅರ್ಧ ತಿಳಿಯಿತು. ಮೂರು ವರ್ಷದಿಂದ ಮದುವೆ, ಸೀಮಂತ, ತೊಟ್ಟಿಲು ಹಾಕುವ ದಿನಗಳಲ್ಲಿ ಜನ ಹಾಗೇ ನೋಡದೆ ಇರುವುದನ್ನು ಕಂಡಿದ್ದೆ.

"ತಪ್ಪ ತಿಳ್ಕೋಬ್ಯಾಡ್ರಿ ದಾನಮ್ಮಾರ," ಎಂದು ರೇಖಾ ಶುರು ಮಾಡಿದಳು. "ನಮಗೇನೂ ಇಲ್ರಿ. ನಾವು ಶರಣರ ಪೈಕಿ, ನಮ್ಮೊಳಗ ಇಂಥಾವೆಲ್ಲಾ ಇಲ್ಲ. ಆದ್ರ ಮನ್ಯಾಗ ಹಿರ್ಯಾರು ಅಂತ ಇರ್ತಾರಲ್ರಿ. ಹೆಣ್ಣುಹುಡುಗ್ಯಾರು, ಮೊದಲನೇ ಸಲ ಕೊಳ್ಳಾಗ ಹಾಕೂದು…"

"ಕಮಿಟಿ ಚೇರ್ಮನ್ನರ ಮನಿಯವರು ವಿಜಯಕ್ಕಾರು ಬರಾವ್ರು ಅದಾರ," ಎಂದರು ಹೆಡ್‌ಮಾಸ್ತರರು. "ಅವರು ಹಾಕ್ತಾರ. ನೀವು ಹಿಂದ ಇದ್ದು ವ್ಯವಸ್ಥಾ ನೋಡ್ಕೋರಿ. ನೀವ ಇಲ್ಲಂದ್ರ ಏನೂ ನಡಿಯಂಗಿಲ್ಲ, ಅದು ನಮಗ ಗೊತ್ತೈತಿ."

ಮನೆಯಲ್ಲಿ ಹಿರಿಯರು! ರೇಖಾಳ ಅತ್ತೆ ನನ್ನ ಹಾಗೇ ಗಂಡ ಇಲ್ಲದವಳು, ದಿನಾ ಬೆಳಿಗ್ಗೆ ಟಿವಿಯ ಮುಂದೆ ಕೂತು ವಚನದ ಪ್ರವಚನ ಕೇಳುವವಳು. ಹುಡುಗಿಯರ ಬೂಟಿನ ಮಣ್ಣು ಕೆರೆಯುವಾಗ, ವಾಂತಿ ಒರೆಸುವಾಗ, ಬಿದ್ದವಳನ್ನು ಎತ್ತಿ ನೀರು ಕುಡಿಸುವಾಗ ನನ್ನ ಕೈ ಬೇಕಾಗಿತ್ತು. ಡಬ್ಬಿ ಕಟ್ಟುವ ಗಂಡನಿಲ್ಲ ಎಂದೇ ನನ್ನನ್ನು ಆರಿಸಿದವರು ಇವರು. ಈಗ ಅದೇ ಕಾರಣಕ್ಕೆ ಹಿಂದೆ ಸರಿ ಎನ್ನುವವರೂ ಇವರೇ. ಇದೆಲ್ಲ ಅಲ್ಲಿಯೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಹೂಂನ್ರಿ" ಎಂಬ ಒಂದು ಮಾತು. ಅವರ ಬಗ್ಗೆ ಏನೇನು ಬರೆದರೂ, ಆ ಹೂಂ ನನ್ನದು. ಅದರ ಮೇಲಿನ ತಿರಸ್ಕಾರ ನನಗೆ ಇನ್ನೂ ಹೋಗಿಲ್ಲ.

ದೀಕ್ಷೆಯ ದಿನ ವಿಜಯಕ್ಕ ಕಾರಿನಿಂದ ಇಳಿದದ್ದೇ ಬೆಳ್ಳಿಯ ಆರತಿ ತಟ್ಟೆಯೊಂದಿಗೆ. ದೀಕ್ಷೆ ಎಂದರೆ ಅವರಿಗೆ ಮದುವೆಯ ಸಣ್ಣ ತಂಗಿ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿದರು. ಸಾನಿಯಾಳ ಹಣೆಯ ಹತ್ತಿರ ಬಂದ ಕೈ ಅಲ್ಲೇ ತಡವರಿಸಿ, ಮೇಲೆ ಹೋಗಿ ಅಕ್ಕಿಕಾಳು ಉದುರಿಸಿ ಬಂತು. ಆಮೇಲೆ ಉಡಿ ತುಂಬಿದರು. ಗೈಡ್‌ಗಳಿಗೆ ಉಡಿ! ಸಮವಸ್ತ್ರಕ್ಕೆ ಸೆರಗು ಎಲ್ಲಿದೆ? ತೆಂಗಿನಕಾಯಿ, ಕುಬಸದ ತುಂಡು, ಐದು ಬಾಳೆಹಣ್ಣು ಎಲ್ಲವನ್ನೂ ಹುಡುಗಿಯರು ಎರಡೂ ಕೈಯಲ್ಲಿ ಅವುಚಿಕೊಂಡರು. ವಂದನೆ ಮಾಡಲು ಬಲಗೈ ಎತ್ತಿದವಳ ಕಾಯಿ ಉರುಳಿ ಹೆಡ್‌ಮಾಸ್ತರರ ಕಾಲಿಗೆ ಬಡಿಯಿತು. ಆರು ತಿಂಗಳಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಸಂಗತಿ ಬೇರೊಂದಿಲ್ಲ.

ನಂತರ ಸ್ಕಾರ್ಫ್. ಒಂದೊಂದನ್ನೂ ಅಗಲಕ್ಕೆ ಬಿಡಿಸಿ ಹೆಗಲಿಗೆ ಹೊದಿಸಿ, ಫೋಟೋ ತೆಗೆಯುವವನ ಕಡೆ ತಿರುಗಿ ನಕ್ಕರು. ನಾನು ಕಲಿಸಿದ ಹಾಗೆ ತೇಜಸ್ವಿನಿ ಎಡಗೈ ಚಾಚಿದಳು. ವಿಜಯಕ್ಕ ಮುಟ್ಟಿದರೆ ಸುಟ್ಟೀತು ಎಂಬಂತೆ ಹಿಂದೆ ಸರಿದರು.

"ಬಲಗೈ ಕೊಡವಾ! ಎಡಗೈ ಕೊಡ್ತಾರೇನ ಯಾರರ ಹಿರ್ಯಾರಿಗೆ? ಯಾರ ಕಲಿಸ್ಯಾರ ನಿನಗ ಇದನ್ನ?"

ಮೈಕು ಹಿಡಿದವನು, "ಈಗ ಅಧ್ಯಕ್ಷರಿಂದ ಎರಡು ಹಿತನುಡಿ" ಎಂದ. ಎರಡು ನುಡಿ ಮುಕ್ಕಾಲು ತಾಸು ನಡೆಯಿತು. ಆಮೇಲೆ ಉಪ್ಪಿಟ್ಟು, ಜಿಲೇಬಿ. ನಾನು ಡ್ರಮ್ಮಿನಿಂದ ನೀರು ತುಂಬಿ ಕೊಡುತ್ತಿದ್ದೆ. ಹುಡುಗಿಯರು ಲೋಟ ತೆಗೆದುಕೊಳ್ಳಲು ಬಂದಾಗ ಸಾನಿಯಾ ಮೆಲ್ಲಗೆ ಕೇಳಿದಳು:

"ಅಕ್ಕಾರ, ಪ್ರತಿಜ್ಞಾ ಯಾವಾಗ ಹೇಳೂದ್ರಿ?"

ಆಗ ನನಗೂ ಹೊಳೆಯಿತು. ಪ್ರತಿಜ್ಞೆ ಯಾರೂ ಕೇಳಿಯೇ ಇರಲಿಲ್ಲ. ದೇವರಿಗೆ, ದೇಶಕ್ಕೆ, ನೆರೆಯವರಿಗೆ ತನ್ನ ಕರ್ತವ್ಯ ಮಾಡುತ್ತೇನೆ ಎಂದು ಹುಡುಗಿ ತನ್ನ ಬಾಯಿಂದ ಮಾತು ಕೊಡಬೇಕು. ಅದೊಂದಕ್ಕಾಗಿಯೇ ಉಳಿದದ್ದೆಲ್ಲ. ಆರತಿ, ಉಡಿ, ಶಾಲು, ಭಾಷಣ, ಜಿಲೇಬಿ ಎಲ್ಲ ಆಯಿತು. ಮಾತು ಮಾತ್ರ ಹದಿನೆಂಟು ಬಾಯಲ್ಲಿ ಹಾಗೇ ಉಳಿಯಿತು.

ನಾಲ್ಕು ದಿನದ ಮೇಲೆ ಹೆಡ್‌ಮಾಸ್ತರರು ಹದಿನೆಂಟು ಫಾರ್ಮುಗಳನ್ನು ನನ್ನ ಮುಂದೆ ಇಟ್ಟರು. ಪ್ರತಿಯೊಂದರ ಕೊನೆಗೂ, ಈ ಹುಡುಗಿ ನನ್ನ ಮುಂದೆ ಪ್ರತಿಜ್ಞೆ ಮಾಡಿದ್ದಾಳೆ, ದಳಕ್ಕೆ ಸೇರಿಸಿಕೊಂಡಿದ್ದೇನೆ ಎಂಬ ಅರ್ಥದ ಎರಡು ಸಾಲು. ಕೆಳಗೆ ದಳದ ನಾಯಕಿಯ ಸಹಿ.

"ಲಗೂನ ಸಹಿ ಮಾಡ್ರಿ ಅಮ್ಮಾರ. ಈ ತಿಂಗಳ ಒಳಗ ಹೋಗಬೇಕು. ತಡಾ ಆದ್ರ ಗೈಡ್ಸಿನ ಮುಂದಿನ ಹಂತದ ಪರೀಕ್ಷಾಕ್ಕ ಒಂದ ವರ್ಷ ಹಿಂದ ಬೀಳ್ತಾರ."

ನಾನು ಓದಿದೆ. ಮತ್ತೊಮ್ಮೆ ಓದಿದೆ. ಪೆನ್ನು ಮುಚ್ಚಿ ಫಾರ್ಮುಗಳ ಮೇಲೆ ಇಟ್ಟೆ.

"ಮಾತ ಕೊಟ್ಟಿಲ್ಲಲ್ರಿ," ಎಂದೆ.

"ಏನಂದ್ರಿ?"

"ಹುಡುಗ್ಯಾರು ಪ್ರತಿಜ್ಞಾ ಹೇಳಿಲ್ರಿ. ನನ್ನ ಮುಂದ ಹೇಳ್ಯಾರ ಅಂತ ಹೆಂಗ ಬರೀಲಿ?"

"ಅದೊಂದು ಬರೇ ಫಾರ್ಮು ರೀ! ಇಡೀ ಊರು ನೋಡೇತಿ, ಪೇಪರಿನ್ಯಾಗ ಬಂದೈತಿ."

"ಹಂಗಂದ್ರ ಹಾಕಿದಾವ್ರು ಸಹಿ ಮಾಡ್ಲಿ ಬಿಡ್ರಿ."

ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ಆದರೆ ನಮ್ಮ ಊರಿನ ಮಾಸ್ತರರು ನನಗೆ ಕಲಿಸಿದ್ದೇ ಸ್ವಲ್ಪ; ಓದಿ ನೋಡದೆ ಸಹಿ ಮಾಡಬಾರದು, ಸುಳ್ಳಿಗೆ ಸಹಿ ಮಾಡಬಾರದು ಎಂಬುದು ಆ ಸ್ವಲ್ಪದಲ್ಲಿ ಇತ್ತು. ವಿಜಯಕ್ಕನ ಸಹಿ ನಡೆಯುತ್ತಿರಲಿಲ್ಲ, ತರಬೇತಿ ಆದವರದೇ ಬೇಕು. ಆ ಶಾಲೆಯಲ್ಲಿ ತರಬೇತಿ ಆದವಳು ನಾನೊಬ್ಬಳೇ. ಏಳು ದಿನ ಖಾಲಿ ಇದ್ದವಳು ನಾನೊಬ್ಬಳೇ ಅಲ್ಲವೇ!

ಮರುದಿನ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆ ತುಂಬಿತು. ಏಳೆಂಟು ಜನ ತಾಯಂದಿರು, ಮುಂದೆ ರೇಖಾ. ಮೂರು ವರ್ಷದಲ್ಲಿ ಒಂದು ಸಲವೂ ನಮ್ಮ ಹೊಸ್ತಿಲು ತುಳಿಯದವರು. ಅವರಲ್ಲಿ ಒಬ್ಬಾಕೆಗಂತೂ ನನ್ನ ಹೆಸರೂ ಗೊತ್ತಿರಲಿಲ್ಲ, ಗೈಡ್ಸ್ ಅಮ್ಮಾರ ಎನ್ನುತ್ತಿದ್ದಳು.

"ನಿಮ್ಮ ಮ್ಯಾಲ ನಮಗ ಎಷ್ಟ ಅಭಿಮಾನ ಐತಿ ಅಂತೇನಿ," ಎಂದಳು ರೇಖಾ. "ಒಂದ ಸಹಿ ಮಾಡ್ರಿ. ಮಾತಿಂದೇನ್ರಿ, ಹಿಂದಾಗಡೆ ಯಾವಾಗರ ಹೇಳ್ತಾರ."

ಅವಳೇ ಮುಂದುವರಿಸಿದಳು:

"ಮುಂದ ಸರ್ಟಿಫಿಕೇಟಿಗೆ ಮಾರ್ಕ್ಸ್ ಬರ್ತಾವಂತ. ಇವರಪ್ಪಾರು ಎಲ್ಲಾ ವಿಚಾರ್ಸ್ಯಾರ. ಕಾಲೇಜ್ ಸೀಟಿನ ಪ್ರಶ್ನಿ ಐತ್ರಿ. ಹುಡುಗ್ಯಾರ ಭವಿಷ್ಯಾ ನಿಮ್ಮ ಕೈಯಾಗೈತಿ."

ಒಂದು ವಾರದ ಹಿಂದೆ ಕೊರಳಿಗೆ ಬರಬಾರದಾಗಿದ್ದ ಕೈ. ಈಗ ಅದರಲ್ಲೇ ಭವಿಷ್ಯವಿತ್ತು.

ನಿಮ್ಮ ಅಪ್ಪ ಒಳಗಿನಿಂದ ಬಂದು, "ಅವ್ವಾ, ಮಾಡಿ ಬಿಡ. ಓಣ್ಯಾಗ ಇರಾವ್ರು ನಾವು," ಎಂದ. ಅವನು ಸಣ್ಣವನಿದ್ದಾಗಲೂ ಹಾಗೇ, ಜಗಳವಾಗುತ್ತಿದ್ದರೆ ತನ್ನ ಗೋಲಿ ಕೊಟ್ಟು ಬರುವವನು. ಚಹಾದ ತಟ್ಟೆ ಹಿಡಿದು ಬಂದ ನಿಮ್ಮ ಅವ್ವ ಮಾತ್ರ ತಟ್ಟೆಯನ್ನು ರೇಖಾಳ ಮುಂದೆ ಇಡುತ್ತಾ ಹೇಳಿದಳು:

"ನಮ್ಮ ಅತ್ತಿಯಾರು ಸಹಿ ಮಾಡಂಗಿಲ್ರಿ ಬಿಡ್ರಿ. ನಿಮ್ಮ ಪೈಕಿ ಯಾರರ ಏಳ ದಿನ ತರಬೇತಿ ಮುಗಿಸಿ ಬರ್ರಿ. ಅವರ ಮುಂದ ಹುಡುಗ್ಯಾರು ಮಾತ ಕೊಡ್ತಾರ, ಅವರ ಸ್ಕಾರ್ಫ್ ಹಾಕ್ಲಿ, ಅವರ ಸಹಿ ಮಾಡ್ಲಿ. ಯಾರ ಹೊಕ್ಕೀರಿ ಹೇಳ್ರಿ?"

ಬಿ.ಪಿ., ಉಪವಾಸ, ಕಳಿಸದ ಗಂಡ ಎಲ್ಲವೂ ಮತ್ತೆ ಮುಖಗಳ ಮೇಲೆ ಬಂದು ಕೂತವು.

ಆಗ ನಾನು ತಲೆ ಎತ್ತದೆ ಹೇಳಿದೆ: "ಶನಿವಾರ ಮುಂಜಾನಿ ಎಂಟಕ್ಕ ಹುಡುಗ್ಯಾರನ್ನ ಮೈದಾನಕ್ಕ ಕಳಸ್ರಿ. ನನ್ನ ಮುಂದ ಪ್ರತಿಜ್ಞಾ ಹೇಳ್ಲಿ. ನಾ ಸ್ಕಾರ್ಫ್ ಹಾಕ್ತೇನಿ. ಆಮ್ಯಾಲ ಸಹಿ."

"ನೀವ ಹಾಕಬೇಕಾ?" ಎಂದಳು ಒಬ್ಬಾಕೆ. ತಡೆಯಲಾಗದೆ ಬಾಯಿಂದ ಬಂದದ್ದು.

"ನಾನ ಹಾಕಬೇಕು. ಸಹಿ ನನ್ನದಲ್ರಿ?"

ಯಾರೂ ಬರುವುದಿಲ್ಲ ಎಂದು ನಿಮ್ಮ ಅಪ್ಪ ಶುಕ್ರವಾರ ರಾತ್ರಿಯವರೆಗೂ ಹೇಳುತ್ತಿದ್ದ. ಹದಿನೆಂಟೂ ಹುಡುಗಿಯರು ಸ್ಕಾರ್ಫ್ ಮಡಚಿ ಕೈಯಲ್ಲಿ ಹಿಡಿದು ಬಂದರು. ಹಿರಿಯರು, ಶಕುನ, ಮೊದಲ ಸಲ ಕೊರಳಿಗೆ ಹಾಕುವ ಕೈ, ಇವೆಲ್ಲದರ ಬೆಲೆ ಎಷ್ಟೆಂದು ನನಗೆ ಆ ಬೆಳಿಗ್ಗೆ ಗೊತ್ತಾಯಿತು. ಮುಂದೆ ಯಾವತ್ತೋ ಸಿಗಬಹುದಾದ ಒಂದು ಕಾಗದಕ್ಕಿಂತ ಕಡಿಮೆ. ನನ್ನ ಮೇಲಿನ ಅಸಹ್ಯ ಅವರಿಗೆ ಖರೆಯಾಗಿದ್ದರೆ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ನಾನು ಅವರನ್ನು ಬೈದುಕೊಂಡಾದರೂ ಸ್ವಲ್ಪ ಗೌರವಿಸುತ್ತಿದ್ದೆ. ನಂಬಿಕೆಯೂ ಗಟ್ಟಿ ಇರಲಿಲ್ಲ ಅವರದು.

ಚಳಿ ಇತ್ತು. ಹುಲ್ಲಿನ ಮೇಲೆ ಇಬ್ಬನಿ. ಶಾಮಿಯಾನವಿಲ್ಲ, ಮೈಕಿಲ್ಲ, ಗ್ರೇಸ್ ಟೀಚರ್ ಕೋಲು ಊರಿಕೊಂಡು ಬಂದು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಆರೇಳು ತಾಯಂದಿರು ದೂರದಲ್ಲಿ ಹುಣಸೆಮರದ ಕೆಳಗೆ ಗುಂಪಾಗಿ ನಿಂತಿದ್ದರು. ಮೊದಲಿಗೆ ಸಾನಿಯಾ ಬಂದಳು. ಮೂರು ಬೆರಳು ಎತ್ತಿ ತನ್ನ ಮಾತನ್ನು ಒಂದೂ ತಪ್ಪದೆ ಹೇಳಿದಳು. ಸುರುಳಿ ಒಮ್ಮೆ ಬಿಚ್ಚಿತು. ಮತ್ತೆ ಸುತ್ತಿ ಅವಳ ಕೊರಳಿಗೆ ಹಾಕಿದೆ, ಉಂಗುರ ಏರಿಸಿದೆ, ಎಡಗೈ ಕೊಟ್ಟೆ. ಅವಳು ಬಿಗಿಯಾಗಿ ಹಿಡಿದಳು.

ಎರಡನೆಯವಳಿಗೆ ಹಾಕಿದೆ. ಮೂರನೆಯವಳಿಗೆ ಹಾಕುವಾಗ, ಎರಡನೆಯವಳು ಸಾಲಿಗೆ ಹೋಗದೆ ಹುಣಸೆಮರದ ಕಡೆ ಹೋಗಿದ್ದು ಕಂಡಿತು. ಅವಳ ಅವ್ವ ಪರ್ಸಿನಿಂದ ಕುಂಕುಮದ ಬಟ್ಟಲು ತೆಗೆದು ಹಣೆಗೆ ಹಚ್ಚಿ, ಕೊರಳ ಸುತ್ತ ಬೆರಳಿನಿಂದ ನಿವಾಳಿಸಿ ನೆಟಿಗೆ ಮುರಿದಳು. ನನ್ನ ಕೈಯಿಂದ ಬಂದದ್ದನ್ನು ಅಲ್ಲೇ ತೊಳೆದು ಕಳಿಸುವ ಉಪಾಯ. ನೋಡಿದರೆ ಎಲ್ಲರ ಕೈಯಲ್ಲೂ ಬಟ್ಟಲು ಇತ್ತು. ಮಾತಾಡಿಕೊಂಡೇ ಬಂದಿದ್ದರು. ಸಹಿಯೂ ಸಿಗಬೇಕು, ಶಕುನವೂ ಕೆಡಬಾರದು.

ನಾಲ್ಕನೆಯವಳು ತೇಜಸ್ವಿನಿ. ಮಾತು ಕೊಟ್ಟಳು. ಸ್ಕಾರ್ಫ್ ಹಾಕಿಸಿಕೊಂಡಳು. ಮರದ ಕೆಳಗಿನಿಂದ ರೇಖಾ, "ತೇಜೂ, ಇಲ್ಲಿ ಬಾ ಲಗೂ" ಎಂದು ಕರೆದಳು. ಅವಳ ಉಂಗುರಬೆರಳು ಕುಂಕುಮದಲ್ಲಿ ಅದ್ದಿ ಕೆಂಪಾಗಿತ್ತು. ಹುಡುಗಿ ನನ್ನ ಮುಖ ನೋಡಿದಳು, ಅವ್ವನ ಕಡೆ ನೋಡಿದಳು. ಹನ್ನೆರಡು ವರ್ಷದ ಹುಡುಗಿ ಏನು ಮಾಡಬೇಕು? ಎರಡು ಹೆಜ್ಜೆ ಆ ಕಡೆ ಹೋದಳು. ಅವಳ ಹಿಂದೆ, ಆಗಲೇ ಸ್ಕಾರ್ಫ್ ಹಾಕಿಸಿಕೊಂಡಿದ್ದ ಮೂರನೆಯವಳೂ ಹೊರಟಳು.

ಸೀಟಿ ನನ್ನ ಸೊಂಟದಲ್ಲಿತ್ತು. ತೆಗೆದು ಊದಿದೆ. ಎಲ್ಲರೂ ಓಡಿ ಬನ್ನಿ ಎಂಬ ಸೀಟಿ ಅದು, ತುಂಡು ತುಂಡಾಗಿ, ಬಿಡದೆ. ಅಷ್ಟು ಜೋರಾಗಿ ನಾನು ಜೀವನದಲ್ಲಿ ಯಾವ ಸದ್ದನ್ನೂ ಮಾಡಿರಲಿಲ್ಲ. ಗ್ರೇಸ್ ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ತೇಜಸ್ವಿನಿ ಹಿಮ್ಮಡಿಯ ಮೇಲೆ ತಿರುಗಿ ಓಡಿ ಬಂದಳು. ಮೂರನೆಯವಳು ಬಂದಳು. ಕುಂಕುಮ ಹಚ್ಚಿಸಿಕೊಂಡಿದ್ದವಳೂ ಬಂದಳು. ಹದಿನೆಂಟು ಜನ ನನ್ನ ಸುತ್ತ ಕುದುರೆಲಾಳದ ಹಾಗೆ ನಿಂತರು, ಉಸಿರು ಬಿಡುತ್ತಾ. "ಪೂರಾ ಮುಗಿಯೂ ತನಕ ಯಾರೂ ಸಾಲು ಬಿಡೂಹಂಗಿಲ್ಲ," ಎಂದೆ. ಮರದ ಕೆಳಗೂ ಕೇಳಿಸುವ ಹಾಗೆ ಎಂದೆ.

ಉಳಿದ ಹದಿನಾಲ್ಕು ಜನರಿಗೆ ಒಬ್ಬೊಬ್ಬರಿಗಾಗಿ ಸ್ಕಾರ್ಫ್ ಹಾಕಿದೆ. ಅವಸರ ಮಾಡಲಿಲ್ಲ. ಆ ಹೆಣ್ಣುಮಕ್ಕಳು ಅಷ್ಟು ಹೊತ್ತೂ ಕೆಂಪು ಬೆರಳು ಮೇಲೆ ಹಿಡಿದು ನಿಂತಿದ್ದರು. ಕೆಳಗೆ ಬಿಟ್ಟರೆ ಸೀರೆಗೆ ಹತ್ತುತ್ತದೆ, ಮರಕ್ಕೆ ಒರೆಸಿದರೆ ಅಪಶಕುನ. ಆಮೇಲೆ ಅದನ್ನು ಎಲ್ಲಿ ಒರೆಸಿಕೊಂಡರೋ ನನಗೆ ಗೊತ್ತಿಲ್ಲ. ನಾನು ಆ ಕಡೆ ನೋಡಲಿಲ್ಲ. ಹುಡುಗಿಯರಿಗೆ ಗಂಟು ಕಲಿಸಲು ಹಗ್ಗ ಹಂಚುವುದಿತ್ತು.